ಹಡಗು ಹತ್ತಬೇಕಾದ ಕಾರು

ಕಾರನ್ನು ಹಡಗಿನಲ್ಲಿ ಆಫ್ರಿಕಾಕ್ಕೆ ಕಳಿಸುತ್ತೇನೆ ಎಂದಾಗ ಸುರಪುರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿಗೆ ರೂಮೇ ನಕ್ಕಿತು.

"ಅಲ್ಲಿ ಗಾಡಿ ಸಿಗಂಗಿಲ್ಲೇನ್ರಿ ಪಂಚಶೀಲಾ ಟೀಚರ್?" ಎಂದು ಸಂಗಮನಾಥ ಮಾಸ್ತರರು ಕೇಳಿದರು.

ಸಿಗುತ್ತವೆ, ಮಹಾರಾಯರೇ. ಆದರೆ ನಾನು ಓಡಿಸಬಲ್ಲ ಗಾಡಿ ಇರುವುದು ಒಂದೇ. ಪೋಲಿಯೊದಿಂದಾಗಿ ನನ್ನ ಎರಡೂ ಕಾಲುಗಳಲ್ಲಿ ಬಲವಿಲ್ಲ. ಎಂಟು ವರ್ಷದ ಹಿಂದೆ ಶಹಾಪುರದ ಮೆಕ್ಯಾನಿಕ್ ಮರಿಲಿಂಗಪ್ಪ ನನ್ನ ಆಟೊಮ್ಯಾಟಿಕ್ ಕಾರಿಗೆ ಒಂದು ಕೈಹಿಡಿಕೆ ಕೂಡಿಸಿಕೊಟ್ಟ. ಮುಂದಕ್ಕೆ ತಳ್ಳಿದರೆ ಬ್ರೇಕು, ಹಿಂದಕ್ಕೆ ಎಳೆದರೆ ಓಟ. ಅಂದಿನಿಂದ ನಾನು ಯಾರ ಸ್ಕೂಟರಿಗೂ ಕಾದು ನಿಂತಿಲ್ಲ. ಆಫ್ರಿಕಾದ ದಾರೆಸಲಾಮ್ ನಗರದ ಶಾಲೆಯೊಂದರಲ್ಲಿ ಮೂರು ವರ್ಷ ಗಣಿತ ಕಲಿಸುವ ಕೆಲಸ ಸಿಕ್ಕಾಗ ನಾನು ಮೊದಲು ವಿಚಾರಿಸಿದ್ದು, ಅಲ್ಲಿ ರಸ್ತೆಯ ಯಾವ ಬದಿಗೆ ಓಡಿಸುತ್ತಾರೆ ಎಂದು. ನಮ್ಮ ಹಾಗೆ ಎಡಬದಿಗೇ.

ಕಾಗದದ ಕಾಟ ಶುರುವಾದದ್ದು ಆಮೇಲೆ. ಮುಂಬೈ ಬಂದರಿನ ಏಜೆಂಟ್ ಸಾಯಿಕುಮಾರ ದಿನಕ್ಕೊಂದು ಫೋನು ಮಾಡುತ್ತಿದ್ದ. ಆರ್‌ಸಿ ಕಳಿಸಿ, ವಿಮೆ ಕಳಿಸಿ, ಪಾಸ್‌ಪೋರ್ಟ್ ಕಳಿಸಿ, ಗಾಡಿಯ ಮೇಲೆ ಕೇಸಿಲ್ಲ ಎಂಬ ಪತ್ರ ಕಳಿಸಿ, ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಕಳಿಸಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮರುದಿನ ಅವನ ಫೋನು ಬಂದರೆ ಪಟ್ಟಿ ತಲೆಕೆಳಗು. ಇಪ್ಪತ್ತು ವರ್ಷ ಸಮೀಕರಣ ಬಿಡಿಸಿದವಳು ನಾನು. ಇದರ ತಲೆಬುಡ ಮಾತ್ರ ಹತ್ತಲಿಲ್ಲ.

ಕೊನೆಗೆ ಕಾರಿನ ಫೋಟೊ ನೋಡಿ ಸಾಯಿಕುಮಾರ ಹೊಸ ತಕರಾರು ತೆಗೆದ. ಆರ್‌ಸಿಯಲ್ಲಿ ಈ ಹಿಡಿಕೆಯ ಸುದ್ದಿಯೇ ಇಲ್ಲ. ಕಾಗದವೂ ಗಾಡಿಯೂ ಒಂದೇ ಇರಬೇಕು. ಮಾಡಿದವರಿಂದ ಪತ್ರ ಬರೆಸಿ, ಸಹಿ ಹಾಕಿಸಿ, ಅದನ್ನು ಆರ್‌ಸಿಗೆ ಸೇರಿಸಿಕೊಂಡು ಬನ್ನಿ.

ಶಹಾಪುರಕ್ಕೆ ಹೋಗಿ ಮರಿಲಿಂಗಪ್ಪನಿಗೆ ಇದನ್ನೆಲ್ಲ ಹೇಳಿ, ನಾನೇ ಬರೆದಿದ್ದ ಪತ್ರ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುವಿದ.

"ನಾ ಕಂಪನಿ ಅಲ್ಲಲ್ರಿ ಟೀಚರ್. ನನ್ನ ಶೆಡ್ಡಿಗಿ ಬೋರ್ಡೂ ಇಲ್ಲ."

"ಮಾಡಿದಾವ ನೀನ ಹೌದಲ್ಲೊ?"

"ಹೌದ್ರಿ. ಗಾಡಿ ಬಿಟ್ಟು ಹೋಗ್ರಿ. ಶುಕ್ರವಾರ ನಾನ ಯಾದಗಿರಿಗಿ ತರ್ತೀನಿ. ಎಲ್ಲಾ ಬರೋಬರ್ ಮಾಡ್ತೀನಿ."

ಶುಕ್ರವಾರ ನಾನು ಬಸ್ಸಿಳಿದು, ಆಟೊ ಹಿಡಿದು, ಊರುಗೋಲು ಊರುತ್ತ ಕಚೇರಿ ಮುಟ್ಟುವಷ್ಟರಲ್ಲಿ ತಪಾಸಣೆ ಮುಗಿದಿತ್ತು. ಚಾಸಿಯ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ತಾಳೆ ನೋಡಿಯೂ ಆಗಿತ್ತು. ನಾನು ಅರ್ಜಿಗೆ ಸಹಿ ಹಾಕಿದೆ. ಮಧ್ಯಾಹ್ನದೊಳಗೆ ನಿರಾಕ್ಷೇಪಣಾ ಪತ್ರ ಕೈಗೆ ಬಂತು.

"ಕಾಗದದಾಗ ಹೆಂಗದ, ಗಾಡಿ ಹಂಗ ಅದ ನೋಡ್ರಿ ಮೇಡಂ," ಎಂದರು ಇನ್ಸ್‌ಪೆಕ್ಟರು.

ಮೂರು ತಿಂಗಳಲ್ಲಿ ಮೊದಲ ಸಲ, ಇನ್ನೊಂದು ಕಾಗದ ಕೇಳದ ಕಾಗದ! ನನಗೆ ಹಿಗ್ಗೋ ಹಿಗ್ಗು. ಹೋಗಿ ಕಾರಿನ ಬಾಗಿಲು ತೆಗೆದೆ. ಸ್ಟೀರಿಂಗಿನ ಕೆಳಗೆ ಹಿಡಿಕೆ ಇರಲಿಲ್ಲ.

"ಹಿಡಿಕಿ ಎಲ್ಲೋ?"

"ಬಿಚ್ಚೀನ್ರಿ," ಎಂದ ಮರಿಲಿಂಗಪ್ಪ, ಕಷ್ಟದ ಲೆಕ್ಕ ಬಿಡಿಸಿದ ವಿದ್ಯಾರ್ಥಿಯ ಹಾಗೆ ನಗುತ್ತ. "ಕಾಗದ ರಿಪೇರಿ ನನಗ ಬರಂಗಿಲ್ಲ. ಗಾಡಿ ರಿಪೇರಿ ಬರ್ತದ. ಹಿಡಿಕಿ ಡಿಕ್ಕಿಯಾಗ ಅದ. ನೀವು ಬ್ಯಾಗಿನ್ಯಾಗ ಹಾಕ್ಕೊಂಡು ಹೋಗ್ರಿ."

ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಕೈಯಲ್ಲಿದ್ದ ಪತ್ರ ಸರಿ. ಗಾಡಿಯೂ ಪತ್ರದಂತೆಯೇ ಸರಿ. ಹಾಗಾದರೆ ತಪ್ಪಿದ್ದೆಲ್ಲಿ? ಎಂಟು ವರ್ಷದಲ್ಲಿ ಮೊದಲ ಸಲ ನನ್ನದೇ ಕಾರಿನ ಎಡಸೀಟಿನಲ್ಲಿ ಕೂತೆ. ಅವನು ಶಹಾಪುರದ ಕಡೆ ಓಡಿಸಿದ.

ಭೀಮಾ ಸೇತುವೆಯ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಅಡ್ಡ ಬಂತು. ನನ್ನ ಎಡಗೈ ತಾನಾಗಿಯೇ ಮುಂದೆ ಚಾಚಿ ಗಾಳಿಯನ್ನು ತಳ್ಳಿತು. ಮರಿಲಿಂಗಪ್ಪ ಕಾಲಿನಿಂದ ಬ್ರೇಕು ಒತ್ತಿದ. ಆಮೇಲೆ ನನ್ನ ಕೈ ನೋಡಿದ.

"ಅಲ್ಲಿ ಇದನ್ನ ಯಾರು ಕೂಡಿಸ್ತಾರ? ನನ್ನ ಕೈ ಅಳತಿ ಯಾರಿಗಿ ಗೊತ್ತದ?" ಎಂದೆ. ಅಳು ಬಂತು. ತಡೆಯಲಿಲ್ಲ, ಅತ್ತುಬಿಟ್ಟೆ.

ಸೇತುವೆ ದಾಟಿ ಅವನು ಕಾರು ಬದಿಗೆ ನಿಲ್ಲಿಸಿದ. "ಒಂದ್ ಆಕ್ಸಿಡೆಂಟ್ ಕೇಸಿನಾಗ ಸಾಕ್ಷಿ ಅಂತ ಸೈ ಮಾಡಿದ್ದೆ ರೀ. ಆರು ವರ್ಷ ಕೋರ್ಟಿಗಿ ಅಲೆದೀನಿ. ಅವತ್ತಿನಿಂದ ಯಾವ ಕಾಗದಕ್ಕೂ ಸೈ ಮಾಡಿಲ್ಲ," ಎಂದ.

ಕಾರಿನಿಂದ ಇಳಿದು, ಡಿಕ್ಕಿಯಿಂದ ಹಿಡಿಕೆಯನ್ನೂ ಪಾನಾಗಳನ್ನೂ ತಂದ. ಅರ್ಧ ತಾಸು ಸ್ಟೀರಿಂಗಿನ ಕೆಳಗೆ ಮಲಗಿ ಬೋಲ್ಟು ಬಿಗಿದ. ನನ್ನನ್ನು ಬಲಸೀಟಿಗೆ ಕೂಡಿಸಿ, ಕೈ ಚಾಚಿಸಿ, ಒಂದು ಬೆರಳಿನಷ್ಟು ಸರಿಸಿದ. ಆಮೇಲೆ ಎಡಸೀಟಿಗೆ ಬಂದು ಕೂತ.

ನಾನು ಕಾರನ್ನು ಯಾದಗಿರಿಯ ಕಡೆ ತಿರುಗಿಸಿದೆ.

"ಶಹಾಪುರ ಈ ಕಡಿ ಅಲ್ರಿ ಟೀಚರ್."

"ಗೊತ್ತದ. ಆಫೀಸ್ ಇನ್ನಾ ಮುಚ್ಚಿಲ್ಲ."

ಅವನಿಗೆ ಅರ್ಥವಾಯಿತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಜೇಬಿನಿಂದ ನಾನು ಬರೆದುಕೊಟ್ಟಿದ್ದ ಪತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಜರಾ ನಿಧಾನ ನಡೀರಿ," ಎಂದ, ಅಷ್ಟೇ.

ನಾನು ನಿಧಾನ ಮಾಡಲಿಲ್ಲ.