ನಾದಿನಿ ಬರುವಷ್ಟರಲ್ಲಿ ಹೋಗಬೇಕಿದ್ದ ಕಲೆಗಳು

ಶನಿವಾರ ಮಧ್ಯಾಹ್ನ ಮನೆಗೆ ಬರುತ್ತೇನೆಂದು ಎದೆಲ್ಮೀರಾ ಫೋನು ಮಾಡಿದಾಗ ಅನ್ಸೆಲ್ಮೊನ ಕಣ್ಣು ಮೊದಲು ಹೋದದ್ದು ನೆಲದ ಮೇಲೆ. ಎದೆಲ್ಮೀರಾ ಅವನ ಹೆಂಡತಿಯ ತಂಗಿ. ತೋತಾ ಸರೋವರದ ದಂಡೆಯಲ್ಲಿ ಈರುಳ್ಳಿ ಬೆಳೆಯುವವಳು. ಬಾಯಿ ಜೋರು, ಕಣ್ಣು ಅದಕ್ಕಿಂತ ಚುರುಕು.

ಬೊಗೊಟಾದ ಆ ಮೂರನೇ ಮಹಡಿಯ ಮನೆಗೆ ಬೆಟ್ಟದ ಕಡೆಯಿಂದ ನೇರವಾಗಿ ಚಳಿ ಹೊಡೆಯುತ್ತಿತ್ತು. ಅದಕ್ಕೇ ರೊಸಾಲ್ಬಾ ಹಟ ಹಿಡಿದು ಗೋಡೆಯಿಂದ ಗೋಡೆಗೆ ಗೋಧಿಬಣ್ಣದ ಕಾರ್ಪೆಟ್ಟು ಹಾಕಿಸಿದ್ದಳು. ಅದರ ಮೇಲೆ ಬೂಟುಗಾಲಿಟ್ಟವರನ್ನು ಅವಳು ಸುಮ್ಮನೆ ಬಿಟ್ಟದ್ದೇ ಇಲ್ಲ. ಈಗ ಸೋಫಾದ ಮುಂದೆ ಚಾಕಲೇಟು ಬೆರೆಸಿದ ಹಾಲು ಚೆಲ್ಲಿ ಹೆಪ್ಪುಗಟ್ಟಿದ ಕಲೆ, ಕಿಟಕಿಯ ಹತ್ತಿರ ಮೋರಾ ಹಣ್ಣಿನ ರಸ ಒಣಗಿದ ನೇರಳೆ ಮಚ್ಚೆ, ಮೇರಿಮಾತೆಯ ಪಟದ ಕೆಳಗೆ ಮೇಣದ ಹನಿಗಳು. ಎಲ್ಲವೂ ರೊಸಾಲ್ಬಾಳ ಕೈಯಿಂದಲೇ ಬಿದ್ದವು. ಮೇಜಿನ ಮೇಲೆ ಇಡುತ್ತಿದ್ದೇನೆ ಅಂದುಕೊಂಡು ಲೋಟವನ್ನು ಗಾಳಿಯಲ್ಲಿ ಬಿಡುತ್ತಿದ್ದಳು.

ಮೊದಲು ಅವಳಿಗೆ ಉಪ್ಪಿನ ಡಬ್ಬಿ ಮರೆತಿತ್ತು. ಆಮೇಲೆ ಮನೆಯ ದಾರಿ. ಆಮೇಲೆ ಸತ್ತವರು ಸತ್ತಿದ್ದಾರೆ ಅನ್ನುವುದೇ ಮರೆತುಹೋಯಿತು. ಮಕ್ಕಳಿರಲಿಲ್ಲ. ಅನ್ಸೆಲ್ಮೊ ಯಾರಿಗೂ ಬಾಯಿ ಬಿಡಲಿಲ್ಲ. ನಾದಿನಿ ಫೋನು ಮಾಡಿದರೆ, ಸ್ನಾನಕ್ಕೆ ಹೋಗಿದಾಳೆ, ಈಗಷ್ಟೇ ಮಲಗಿದಳು ಎಂದು ಏನಾದರೊಂದು ಹೇಳಿ ಇಟ್ಟುಬಿಡುತ್ತಿದ್ದ. ಬೀದಿಯ ಮೂಲೆಯ ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡಿ ಬದುಕಿದವನು. ಒಮ್ಮೆ ಅವಳು ಸುರಿಯುವ ಮಳೆಯಲ್ಲಿ ಮನೆಚಪ್ಪಲಿಯಲ್ಲೇ ಹೊರಟುಹೋದ ಮೇಲೆ, ಬಾಗಿಲಿಗೆ ಅವಳ ಕೈಗೆಟುಕದಷ್ಟು ಎತ್ತರದಲ್ಲಿ ಒಂದು ಚಿಲಕ ಜಡಿದಿದ್ದ.

ಶನಿವಾರ ಬೆಳಗ್ಗೆ ಬಕೆಟ್ಟು, ಸೋಪು, ಬ್ರಷ್ಷು ಹಿಡಿದು ಚಾಕಲೇಟು ಕಲೆಯ ಮುಂದೆ ಕೂತ. ತಿಕ್ಕಿದಷ್ಟೂ ಅದು ಅಗಲವಾಯಿತು. ಅಂಗೈಯಷ್ಟಿದ್ದದ್ದು ತಟ್ಟೆಯಷ್ಟಾಯಿತು. ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದ ರೊಸಾಲ್ಬಾ ಇದ್ದಕ್ಕಿದ್ದಂತೆ ಅಂದಳು:

"ಉಜ್ಜಬೇಡಿ. ಉಜ್ಜಿದ್ರೆ ಬುಡಕ್ಕಿಳಿಯುತ್ತೆ."

ಅದು ಅವಳ ಹಳೆಯ ದನಿ. ಅನ್ಸೆಲ್ಮೊನ ಕೈಯಲ್ಲಿದ್ದ ಬ್ರಷ್ಷು ಹಾಗೇ ನಿಂತಿತು. ಅವಳು ಎದ್ದು ಬಂದು ಮೊಣಕಾಲೂರಿದಳು. ಚಮಚ ಕೇಳಿ ಇಸಕೊಂಡು ಒಣ ಪದರವನ್ನು ಮೆಲ್ಲಗೆ ಕೆರೆದು ತೆಗೆದಳು. ಬಿಳಿ ಬಟ್ಟೆಯನ್ನು ಸೋಪುನೀರಲ್ಲಿ ಅದ್ದಿ ಹಿಂಡಿ, ಅಂಚಿನಿಂದ ನಡುವಿಗೆ ಒತ್ತುತ್ತಾ ಬಂದಳು. ಒತ್ತುವುದು, ಎತ್ತುವುದು, ಬಟ್ಟೆಯ ಮಗ್ಗುಲು ತಿರುಗಿಸುವುದು. ಕಂದು ಬಣ್ಣ ಕಾರ್ಪೆಟ್ಟು ಬಿಟ್ಟು ಬಟ್ಟೆಗೆ ಹತ್ತತೊಡಗಿತು. ನೇರಳೆ ಮಚ್ಚೆಗೆ ವಿನೆಗರ್ ಬೆರೆಸಿದ ತಣ್ಣೀರು ಬೇಕೆಂದಳು. ಮೇಣದ ಮೇಲೆ ಕಾಗದ ಹಾಸಿ ಇಸ್ತ್ರಿ ಇಡಬೇಕೆಂದಳು. ಆದರೆ ಇಸ್ತ್ರಿಪೆಟ್ಟಿಗೆ ತಂದಾಗ ಮಾತ್ರ ಕೈ ಹಿಂದಕ್ಕೆಳೆದುಕೊಂಡಳು. ಆ ಕೆಲಸ ಅವನೇ ಮಾಡಿದ.

ಎಷ್ಟೋ ತಿಂಗಳ ಮೇಲೆ ಅವನ ಎದೆ ಹಗುರವಾಗಿತ್ತು. "ಇದನ್ನೆಲ್ಲ ಎಲ್ಲಿ ಕಲಿತ್ಯೇ ನೀನು?" ಎಂದು ನಗುತ್ತಾ ಕೇಳಿದ.

"ಅಮ್ಮಾವ್ರು ಕಲಿಸಿದ್ರು." ಅವಳ ದನಿ ಪಿಸುಮಾತಿಗಿಳಿಯಿತು. "ಯಜಮಾನ್ರೇ, ಅಮ್ಮಾವ್ರಿಗೆ ಹೇಳ್ಬೇಡಿ. ದೇವರಾಣೆ ನಾನು ಚೆಲ್ಲಿದ್ದಲ್ಲ."

ಅನ್ಸೆಲ್ಮೊನಿಗೆ ಅರ್ಥವಾಗಲು ಹೊತ್ತು ಬೇಕಾಯಿತು. ಊರು ಬಿಟ್ಟು ಬಂದ ಹೊಸತರಲ್ಲಿ, ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗ, ಅವಳು ಸಿರಿವಂತರ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. ಮದುವೆಯಾದ ಮೇಲೆ ಒಂದೇ ಒಂದು ಸಲ ಆ ಮಾತೆತ್ತಿದ್ದಳು. ಮಣಿಕಟ್ಟಿನ ಸುಟ್ಟ ಗುರುತು ತೋರಿಸಿ, "ಇಸ್ತ್ರಿ ಇಟ್ರು ಕಣ್ರೀ," ಅಂದು ತೋಳು ಇಳಿಸಿಕೊಂಡಿದ್ದಳು.

"ನಾನು ಕಣೇ. ಅನ್ಸೆಲ್ಮೊ."

"ಗೊತ್ತು ಯಜಮಾನ್ರೇ."

"ಏಳು, ಸಾಕು. ಮೊಣಕಾಲು ನೋಯುತ್ತೆ."

"ಇನ್ನೇನು, ಆಗೋಯ್ತು. ಬೈಬೇಡಿ." ರಟ್ಟೆ ಹಿಡಿದು ಎತ್ತಹೋದರೆ ಕೊಸರಿಕೊಂಡಳು. ಕಣ್ಣೀರು ಬಟ್ಟೆಯ ಮೇಲೆ ಬೀಳುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಚಿಲಕ ತೆಗೆದಾಗ ಎದೆಲ್ಮೀರಾ ಎಲೆಈರುಳ್ಳಿಯ ದೊಡ್ಡ ಕಟ್ಟು ಹೊತ್ತು ನಿಂತಿದ್ದಳು. ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಅಕ್ಕ ನೆಲದಲ್ಲಿದ್ದಳು. ಲಂಗವೆಲ್ಲ ಒದ್ದೆ, ಬೆರಳು ಕೆಂಪಗೆ ಊದಿವೆ.

"ಮುಗಿಸ್ಬಿಟ್ಟೆ ಅಮ್ಮಾವ್ರೇ," ಎಂದಳು ರೊಸಾಲ್ಬಾ ತಂಗಿಯನ್ನು ನೋಡಿ.

"ಏನ್ ಭಾವ ಇದು?" ಈರುಳ್ಳಿ ಕಟ್ಟು ಕೆಳಗೆ ಬಿತ್ತು. "ಅಳಿಸಿ ಅಳಿಸಿ ನೆಲ ತಿಕ್ಕಿಸ್ತಿದೀರಾ? ಬಾಗಿಲಿಗೆ ಬೇರೆ ಆಕಾಶದಲ್ಲೊಂದು ಚಿಲಕ! ನನ್ನಕ್ಕ ಏನು ಕೈದಿನಾ? ಇಂಥಾ ಕಟುಕ ಅಂತ ಗೊತ್ತಿದ್ದಿದ್ರೆ ನಮ್ಮಪ್ಪ ಹೆಣ್ಣು ಕೊಡ್ತಿರ್ಲಿಲ್ಲ."

ಅನ್ಸೆಲ್ಮೊ ಬಿದ್ದ ಈರುಳ್ಳಿ ಕಟ್ಟು ಎತ್ತಿಟ್ಟ. ಕಟುಕ ಅನ್ನಿಸಿಕೊಳ್ಳುವುದೇ ಮೇಲೆಂದು ಒಂದು ಗಳಿಗೆ ಅನ್ನಿಸಿತು. ಇನ್ನೊಂದು ಮಾತನ್ನು ಅವನು ಇದುವರೆಗೆ ತನಗೆ ತಾನೇ ಹೇಳಿಕೊಂಡಿರಲಿಲ್ಲ. ಕೊನೆಗೆ ಹೇಳಿದ.

"ಅವಳಿಗೆ ನಾನು ಯಾರು ಅಂತ ಗೊತ್ತಿಲ್ಲಮ್ಮ."

ಎದೆಲ್ಮೀರಾ ಸೋಫಾದ ಅಂಚಿನಲ್ಲಿ ಕುಸಿದು ಕೂತಳು. "ಮರೆವು ಅಂತ ಗೊತ್ತಿತ್ತು ಭಾವ. ನೀವು ಅಂಗಡಿಗೆ ಹೋದಾಗ ನಂಗೆ ಫೋನ್ ಮಾಡಿ, ಅಮ್ಮನ್ನ ಕರಿ ಅಂತಿದ್ಲು. ಅಮ್ಮ ಮಣ್ಣಾಗಿ ಎಷ್ಟು ವರ್ಷ ಆಯ್ತು! ನೀವಾಗೇ ಹೇಳ್ತೀರ ಅಂತ ಕಾದೆ. ಇಷ್ಟಾಗಿದೆ ಅಂತ ಗೊತ್ತಿರ್ಲಿಲ್ಲ. ಇವತ್ತು ಕರ್ಕೊಂಡು ಹೋಗ್ತೀನಿ."

"ನಾನು ನೋಡ್ಕೋತೀನಿ."

"ನಿಮ್ಮನ್ನ ಯಾರು ನೋಡ್ಕೋತಾರೆ? ಕನ್ನಡಿ ನೋಡಿದೀರಾ? ನಮ್ಮನೇಲಿ ನಾಕು ಹೆಣ್ಮಕ್ಕಳಿದೀವಿ, ಅಂಗಳ ಇದೆ. ನೀವೂ ಬನ್ನಿ ಅಂತಿದ್ದೆ. ಆದ್ರೆ ನಮ್ಮೂರಲ್ಲಿ ಬಾಗಿಲಿಗೆ ಬೀಗ ಹಾಕೋರೇ ಇಲ್ಲ, ಹೊಟ್ಟೆಗೇನ್ ಮಾಡ್ತೀರ?" ನಗಿಸಲು ಆಡಿದ ಮಾತು. ಇಬ್ಬರೂ ನಗಲಿಲ್ಲ.

ಅವಳು ಅಕ್ಕನ ಪಕ್ಕ ಕೂತು ಕೈಯಿಂದ ಬಟ್ಟೆ ಬಿಡಿಸಿದಳು. "ಬಾರೇ ಅಕ್ಕಾ, ಊರಿಗೆ ಹೋಗಣ."

"ಯಜಮಾನ್ರು ಕಳಿಸ್ಬೇಕಲ್ಲ," ಎಂದು ರೊಸಾಲ್ಬಾ ಗಂಡನತ್ತ ನೋಡಿದಳು. ಆ ನೋಟದಲ್ಲಿ ಹೆದರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅನ್ಸೆಲ್ಮೊ ಯಜಮಾನನ ಹಾಗೆ ನೆಟ್ಟಗೆ ನಿಂತ. "ಕೆಲಸ ಚೆನ್ನಾಗಿ ಮಾಡಿದೀಯ ರೊಸಾಲ್ಬಾ. ಊರಿಗೆ ಹೋಗು."

"ಅಮ್ಮಾವ್ರು?"

"ನಾನು ಹೇಳ್ತೀನಿ ಅವರಿಗೆ. ಇನ್ಮೇಲೆ ಯಾರೂ ನಿನ್ನ ಬೈಯೋ ಹಾಗಿಲ್ಲ."

ಅವಳ ಮುಖ ಅರಳಿತು. ಹಾಗೆ ಅರಳಿದ್ದನ್ನು ಅವನು ಕಂಡು ಎಷ್ಟು ಕಾಲವಾಗಿತ್ತೋ. ಅವಳ ಉಣ್ಣೆಯ ಬಟ್ಟೆ, ಮಾತ್ರೆ, ಬಾಚಣಿಗೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಟ್ಟ. ಟ್ಯಾಕ್ಸಿಯವರೆಗೂ ಹೋಗಿ ಕೂರಿಸಿ ಬಂದ. ಅವಳು ಹಿಂತಿರುಗಿ ನೋಡಲಿಲ್ಲ.

ಈಗ ಅವನು ಪ್ರತಿ ಭಾನುವಾರ ಸರೋವರದ ದಂಡೆಗೆ ಹೋಗುತ್ತಾನೆ. ಅವನು ಬಂದರೆ ರೊಸಾಲ್ಬಾ ಸೆರಗಿನಂತೆ ಶಾಲು ಸರಿಮಾಡಿಕೊಂಡು, ಕುರ್ಚಿ ಒರೆಸಿ ಇಟ್ಟು, ತಾನು ಗೋಡೆಗಾನಿಕೊಂಡು ನಿಲ್ಲುತ್ತಾಳೆ. ಎದುರಿಗೆ ಕೂರುವುದಿಲ್ಲ. ಒಂದು ಭಾನುವಾರ ಅವನೂ ಕುರ್ಚಿ ಬಿಟ್ಟು ಅಂಗಳಕ್ಕಿಳಿದು, ಎಲೆಈರುಳ್ಳಿ ರಾಶಿಯ ಮುಂದೆ ನೆಲದ ಮೇಲೆ ಕೂತು ಹೊರಪದರ ಸುಲಿಯತೊಡಗಿದ. ಅವಳು ಬೆರಗಾಗಿ ನೋಡಿದಳು.

"ಯಜಮಾನ್ರು ಈರುಳ್ಳಿ ಸುಲಿಯೋದಾ!"

"ಕಲಿಸು," ಅಂದ.

ಅವಳು ಸ್ವಲ್ಪ ದೂರದಲ್ಲಿ ಕೂತು ತೋರಿಸಿಕೊಟ್ಟಳು. ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಸುಲಿಯುತ್ತಲೇ ಇದ್ದರು.