ಹಟ್ಟಿಗೆ ಬಂದ ಮೊಟ್ಟೆ

ನನ್ನ ಹತ್ತಿರ ಎರಡು ಬಗೆಯ ಸೀರೆಗಳಿದ್ದವು. ಒಂದು ಶಾಲೆಯದು, ಇನ್ನೊಂದು ಹಟ್ಟಿಯದು. ಬೆಳಿಗ್ಗೆ ಹಟ್ಟಿಯ ಸೀರೆಯಲ್ಲಿ ಹೊರಟು ಶಾಲೆಯ ಅಡುಗೆಕೋಣೆಯಲ್ಲಿ ಬದಲಾಯಿಸುತ್ತಿದ್ದೆ. ಮಧ್ಯಾಹ್ನ ಮಕ್ಕಳು ಉಂಡ ಮೇಲೆ ಪಾತ್ರೆ ತೊಳೆದು, ಅಲ್ಲೇ ನಲ್ಲಿಯ ಕೆಳಗೆ ತಲೆಗೆ ನೀರು ಹಾಕಿಕೊಂಡು, ಮತ್ತೆ ಹಟ್ಟಿಯ ಸೀರೆ ಉಟ್ಟು ಮನೆಗೆ ಬರುತ್ತಿದ್ದೆ. ಚಳಿಯಲ್ಲೂ ಅಷ್ಟೇ, ಜ್ವರ ಬಂದರೂ ಅಷ್ಟೇ. ಯಾಕೆಂದರೆ ನಮ್ಮ ಕುಲದವರ ಮನೆಗಳೆಲ್ಲ ಒಟ್ಟಿಗಿರುವ ಈ ಹಟ್ಟಿಯೊಳಗೆ ಕೋಳಿ ಬರುವಂತಿಲ್ಲ. ಸಾಕುವುದಿಲ್ಲ, ತಿನ್ನುವುದಿಲ್ಲ, ಮುಳ್ಳುಬೇಲಿಯ ಒಳಗೆ ಅದರ ಪುಕ್ಕವೂ ಬೀಳಬಾರದು. ದೇವರಿಗೆ ಬಿಟ್ಟ ಎತ್ತುಗಳು ಇರುವ ಜಾಗ ಅದು. ನಮ್ಮ ಹೆಂಗಸರು ಮೊಟ್ಟೆ ಎಂಬ ಮಾತನ್ನೂ ಆಡುವುದಿಲ್ಲ, ‘ಬಿಳೇದು’ ಅನ್ನುತ್ತಾರೆ. ನಾನು ಮಾತ್ರ ವಾರಕ್ಕೆ ಆರು ದಿನ ಒಂದು ದೊಡ್ಡ ಪಾತ್ರೆಯ ತುಂಬ ಬಿಳೇದು ಬೇಯಿಸುತ್ತಿದ್ದೆ.

ಶಾಲೆ ಇರುವುದು ಸಿದ್ದಾಪುರದ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಬಂಡೆಗುಡ್ಡದ ಕೆಳಗೆ. ನಮ್ಮ ಹಟ್ಟಿಯ ಮಕ್ಕಳೂ ಕೆಳಗಿನ ಊರಿನ ಮಕ್ಕಳೂ ಅಲ್ಲಿಗೇ ಬರುತ್ತವೆ. ಅನ್ನ ಸಾರು ಎಲ್ಲರಿಗೂ ಒಂದೇ. ಆಮೇಲೆ ಮೊಟ್ಟೆ ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು. ಯಾವುದು ಬೇಕೆಂದು ಮನೆಯವರು ವರ್ಷದ ಮೊದಲಲ್ಲೇ ಒಂದು ಕಾಗದದಲ್ಲಿ ಬರೆದು ಸಹಿ ಹಾಕಬೇಕು. ಹಟ್ಟಿಯ ಮಕ್ಕಳೆಲ್ಲ ಬಾಳೆಹಣ್ಣು. ಬಡಿಸುವ ಮುಂಚೆ ದಿನಕ್ಕೊಬ್ಬ ತಾಯಿ ಬಂದು ಅಡುಗೆಯ ರುಚಿ ನೋಡಬೇಕೆಂಬ ನಿಯಮವೂ ಇದೆ. ಹಟ್ಟಿಯ ತಾಯಂದಿರ ಸರದಿ ಬಂದಾಗ ನೋಡಬೇಕು ಆ ಚೆಂದ! ಮೂಗಿಗೆ ಸೆರಗು ಒತ್ತಿಕೊಂಡು ಹೊಸ್ತಿಲ ಆಚೆಯಿಂದಲೇ, “ರೇಣುಕಾ, ಸಾರು ಒಂಚೂರು ಇತ್ಲಾಗೆ ತಾರೇ” ಅನ್ನುತ್ತಿದ್ದರು. ಅಂಗೈಯಲ್ಲಿ ನೆಕ್ಕಿ, ಉಪ್ಪು ಸರಿಯಾಗೈತೆ ಎಂದು ಓಡುತ್ತಿದ್ದರು.

ಈ ಕೆಲಸ ನನಗೆ ಸಿಕ್ಕಿದ್ದು ಹೊನ್ನಕ್ಕನಿಂದ. ಅವಳು ನನ್ನ ಗಂಡನ ದೊಡ್ಡಪ್ಪ ಬೊಮ್ಮಲಿಂಗಪ್ಪನವರ ಹೆಂಡತಿ, ನನಗೆ ಅತ್ತೆಯ ಸಮಾನ. ಬೊಮ್ಮಲಿಂಗಪ್ಪನವರು ಹಟ್ಟಿಗೆ ಯಜಮಾನರು, ಶಾಲೆಯ ಸಮಿತಿಗೂ ಅಧ್ಯಕ್ಷರು. ಐದು ವರ್ಷದ ಹಿಂದೆ, ನನ್ನ ಮಗಳು ಇನ್ನೂ ಆ ಶಾಲೆಯಲ್ಲಿ ಓದುತ್ತಿದ್ದಾಗ, ಅಡುಗೆಗೆ ಜನ ಬೇಕು ಅಂದರು. ಬಿಳೇದು ಮುಟ್ಟುವ ಕೆಲಸ ನಮ್ಮವರಿಗೆ ಬೇಡ ಎಂದು ಹಟ್ಟಿಯವರೆಲ್ಲ ತಲೆ ಅಲ್ಲಾಡಿಸಿದರು. ಆಗ ಹೊನ್ನಕ್ಕ ಎದ್ದು ನಿಂತು, “ಮುಟ್ಟಿದ್ರೆ ಏನಾತು? ಮಿಂದು ಬರ್ತಾಳೆ. ನೀರು ಇರೋದು ಯಾತಕ್ಕೆ?” ಅಂದಳು. ಆ ಒಂದು ಮಾತಿನಿಂದ ನನಗೆ ಕೂಲಿಯ ಬಿಸಿಲು ತಪ್ಪಿತು. ಗಂಡ ಗಂಗರಾಜು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುತ್ತಾನೆ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮೊಳಕಾಲ್ಮೂರಿನ ಹಾಸ್ಟೆಲ್ಲಿನಲ್ಲಿ ಮಗಳು ಹೈಸ್ಕೂಲು ಓದುತ್ತಿರುವುದು ಈ ಕೆಲಸದ ಬಲದಿಂದ. ಕೆಲಸ ಹೋದರೆ ಅವಳ ಓದೂ ಹೋದಂತೆಯೇ.

ಹೋದ ವರ್ಷ ಹೊನ್ನಕ್ಕನಿಗೆ ಟಿ.ಬಿ. ಬಂತು. ಚಳ್ಳಕೆರೆಯ ಡಾಕ್ಟರು ಆರು ತಿಂಗಳ ಮಾತ್ರೆ ಕೊಟ್ಟು, ದಿನಾ ಒಂದು ಮೊಟ್ಟೆ ತಿನ್ನಬೇಕು ಅಂದರಂತೆ. ಡಾಕ್ಟರಿಗೇನು ಗೊತ್ತು ನಮ್ಮ ಕಷ್ಟ. ಹೊನ್ನಕ್ಕ ಮಾತ್ರೆ ನುಂಗಿದಳು, ಮೊಟ್ಟೆಯ ಮಾತು ಎತ್ತಲಿಲ್ಲ. ಮಳೆಗಾಲದ ಹೊತ್ತಿಗೆ ಅವಳ ಕೈಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು.

ಅದೇ ವರ್ಷ ಶಾಲೆಯ ಪಟ್ಟಿಯಲ್ಲಿ ಅವಳ ಮೊಮ್ಮಗಳು ಸೌಂದರ್ಯಳ ಹೆಸರಿನ ಮುಂದೆ ‘ಮೊಟ್ಟೆ’ ಎಂದಿತ್ತು. ಕೆಳಗೆ ಬೊಮ್ಮಲಿಂಗಪ್ಪನವರ ಸಹಿ. ನಾನು ಮೇಷ್ಟ್ರು ಶಶಿಕಾಂತರನ್ನು ಕೇಳಿದೆ. “ಅಧ್ಯಕ್ಷರೇ ಸಹಿ ಹಾಕ್ಯಾರಲ್ರೀ ರೇಣುಕಮ್ಮ, ನಾವೇನು ಕೇಳಾಣ” ಅಂದರು. ಇಪ್ಪತ್ತು ಕಾಗದದ ನಡುವೆ ಇದನ್ನೂ ತೂರಿಸಿ ಹುಡುಗಿ ತಾತನ ಸಹಿ ಹಾಕಿಸಿಕೊಂಡಿದ್ದಾಳೆ, ಭಾರೀ ಚಾಲಾಕಿ ಎಂದುಕೊಂಡು ನಾನು ಸುಮ್ಮನಾದೆ. ಸೌಂದರ್ಯ ಅದನ್ನು ತಿನ್ನುತ್ತಿರಲಿಲ್ಲ. ಉಳಿದ ಮಕ್ಕಳು ಕೈ ತೊಳೆಯಲು ಹೋದ ಮೇಲೆ ಒಬ್ಬಳೇ ಬಂದು, “ಸಿಪ್ಪೆ ಬಿಡಿಸಬ್ಯಾಡ ಚಿಕ್ಕವ್ವ, ಹಂಗೇ ಕೊಡು” ಎಂದು ಇಸಕೊಂಡು ಲಂಗದ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಶಾಲೆಯ ಊಟವನ್ನು ಮನೆಗೆ ಒಯ್ಯುವಂತಿಲ್ಲ. ನಾನು ಬೈಯಬೇಕಿತ್ತು. ಬೈಯಲಿಲ್ಲ.

ಎಲ್ಲಿಗೆ ಹೋಗುತ್ತಿತ್ತು ಎಂದು ನನಗೆ ಶ್ರಾವಣದಲ್ಲಿ ಗೊತ್ತಾಯಿತು. ದೇವರ ಎತ್ತುಗಳ ದೊಡ್ಡಿಯ ಹಿಂದೆ ಒಲೆಗೆ ಪುಳ್ಳೆ ಆರಿಸಲು ಹೋಗಿದ್ದೆ. ಎತ್ತುಗಳು ಮೇಯಲು ಹೋಗಿದ್ದವು, ಅಲ್ಲಿ ನರಪಿಳ್ಳೆ ಇರಲಿಲ್ಲ. ಬೇಲಿಗೆ ಬೆನ್ನು ಕೊಟ್ಟು ಹೊನ್ನಕ್ಕ ಕೂತಿದ್ದಳು, ಕೈಯಲ್ಲಿ ಅರ್ಧ ತಿಂದ ಮೊಟ್ಟೆ. ಅಯ್ಯೋ ದೇವರೇ, ಇಡೀ ಹಟ್ಟಿಯಲ್ಲಿ ಇವಳಿಗೆ ಸಿಕ್ಕ ಜಾಗ ಇದೇನಾ! ಮನೆಯಲ್ಲಿ ಸೊಸೆಯ ಕಣ್ಣು, ಬೀದಿಯಲ್ಲಿ ಊರ ಕಣ್ಣು. ಯಾರೂ ಅನುಮಾನ ಪಡದ ಜಾಗ ಅಂದರೆ ದೇವರ ಬೆನ್ನ ಹಿಂದೆ, ಅಷ್ಟೇ.

“ಕಂಡ್ಯಾ?” ಅಂದಳು.

“ಕಂಡೆ ಅತ್ತೆ.”

“ಕಂಡಿಲ್ಲ ಅನ್ನು. ಬದುಕಬೇಕು ಅಂತ ಆಸೆ ಐತೆ ಕಣೇ ರೇಣುಕಾ.” ಹಾಗೆಂದು ಅತ್ತಳು. ನನಗೂ ಅಳು ಬಂತು. ಆಯಿತು ಅತ್ತೆ, ಕಂಡಿಲ್ಲ ಎಂದು ಮಾತು ಕೊಟ್ಟೆ. ಸಿಪ್ಪೆಯನ್ನು ಮಣ್ಣಲ್ಲಿ ಮುಚ್ಚು ಎಂದು ಹೇಳಿ ಬಂದೆ.

ಮೂರು ತಿಂಗಳಲ್ಲಿ ಅವಳ ಮುಖಕ್ಕೆ ಬಣ್ಣ ಬಂತು, ಬಳೆ ಮುಂಗೈಗೆ ಇಳಿಯಿತು. ದೇವರು ದೊಡ್ಡವನು, ಮಾತ್ರೆ ಕೆಲಸ ಮಾಡಿತು ಎಂದರು ಎಲ್ಲರೂ.

ಆಮೇಲೆ ಒಂದು ಭಾನುವಾರ, ದನ ಕಾಯುವ ಕಿಲಾರಿಗೆ ದೊಡ್ಡಿಯ ಬೇಲಿಯಲ್ಲಿ ಮೊಟ್ಟೆಯ ಸಿಪ್ಪೆ ಸಿಕ್ಕಿತು. ನಾಯಿ ಕೆದರಿತ್ತೋ, ಮಳೆ ತೊಳೆದಿತ್ತೋ. ಹಟ್ಟಿಗೆ ಹಟ್ಟಿಯೇ ಎದ್ದು ಕೂತಿತು. ಎಲ್ಲರ ಕಣ್ಣೂ ಮೊದಲು ಬಂದದ್ದು ನನ್ನ ಮೇಲೆ. ಬಾರದೆ ಇರುತ್ತದೆಯೇ? ಹಟ್ಟಿಯಲ್ಲಿ ಬಿಳೇದು ಮುಟ್ಟುವವಳು ನಾನೊಬ್ಬಳೇ. ಬೊಮ್ಮಲಿಂಗಪ್ಪನವರು ಕೈಯೆತ್ತಿ ಗದ್ದಲ ನಿಲ್ಲಿಸಿ, “ಯಾರನ್ನೂ ಸುಮ್ಕೆ ಅನ್ನಬ್ಯಾಡ್ರಿ. ನಾಳೆ ಬೆಳಿಗ್ಗೆ ಮನೆಗೊಬ್ಬ ಹೆಂಗಸು ಬಂದು ಎತ್ತಿನ ಮೇಲೆ ಕೈಯಿಟ್ಟು ಆಣೆ ಮಾಡ್ಲಿ. ನಾನು ತಂದಿಲ್ಲ, ತಂದೋರನ್ನ ಕಂಡಿಲ್ಲ ಅಂತ” ಅಂದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ತಂದಿಲ್ಲ, ಅದು ನಿಜ. ಕಂಡಿಲ್ಲ ಎಂದು ಹೇಗೆ ಹೇಳಲಿ? ನಾನು ಬಾಯಿ ಜೋರಿನ ಹೆಂಗಸು, ಗಂಡನಿಗೆ ಸುಳ್ಳು ಹೇಳಿದ್ದೇನೆ, ಮೇಷ್ಟ್ರಿಗೆ ಹೇಳಿದ್ದೇನೆ. ಆ ಎತ್ತಿನ ಮೇಲೆ ಕೈಯಿಟ್ಟು ಸುಳ್ಳು ಹೇಳಿದವರ ಮನೆ ಉದ್ಧಾರವಾದದ್ದನ್ನು ಮಾತ್ರ ಯಾರೂ ಕಂಡಿಲ್ಲ. ನನಗೆ ಇರುವವಳು ಒಬ್ಬಳೇ ಮಗಳು. ಹೊನ್ನಕ್ಕನ ಹೆಸರು ಹೇಳಲೇ? ಆ ಜೀವ ನಾಚಿಕೆಯಿಂದಲೇ ಸಾಯುತ್ತದೆ. ನಾನೇ ತಂದೆ ಅನ್ನಲೇ? ಹಟ್ಟಿಯಲ್ಲಿ ಅದು ಅಪಚಾರ, ಶಾಲೆಯಲ್ಲಿ ಅದು ಮಕ್ಕಳ ಮೊಟ್ಟೆ ಕದ್ದ ಕಳ್ಳತನ. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಗಂಗರಾಜುವಿಗೆ ಫೋನು ಮಾಡಿ ಎಲ್ಲ ಹೇಳಿದೆ. “ಸುಮ್ನೆ ಆಣೆ ಮಾಡಿ ಬಾರೇ, ಎತ್ತಿಗೇನು ಗೊತ್ತಾಗ್ತೈತೆ” ಅಂದ. ಅವನು ಚಳ್ಳಕೆರೆಯಲ್ಲಿದ್ದ, ಅವನಿಗೆ ಸುಲಭ.

ಬೆಳಿಗ್ಗೆ ದೊಡ್ಡ ಎತ್ತನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ್ದರು. ಯಜಮಾನರ ಮನೆಯಿಂದಲೇ ಶುರುವಾಗಬೇಕು. ಹೊನ್ನಕ್ಕ ಬಂದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾಳೆ, ತಾನೇ ಹೇಳಿ ನನ್ನನ್ನು ಬಿಡಿಸುತ್ತಾಳೆ, ಗಂಡನೇ ಯಜಮಾನ, ಕೈಮುಗಿದರೆ ಒಂದು ದಂಡ ಹಾಕಿ ಕ್ಷಮಿಸುತ್ತಾರೆ ಎಂದು ಎದೆ ಹಿಡಿದುಕೊಂಡು ಕಾದೆ. ಹೊನ್ನಕ್ಕ ಎತ್ತಿನ ಹೆಗಲ ಹಿಣಿಲ ಮೇಲೆ ಕೈಯಿಟ್ಟಳು.

“ನಾನು ತಂದಿಲ್ಲ. ತಂದೋರನ್ನ ಕಂಡಿಲ್ಲ.”

ಕೆಮ್ಮಲೂ ಇಲ್ಲ. ಸೆರಗು ಸರಿಮಾಡಿಕೊಂಡು ಹೋಗಿ ಹೆಂಗಸರ ನಡುವೆ ಕೂತಳು. ಒಬ್ಬೊಬ್ಬರಾಗಿ ಬಂದರು, ಆಣೆ ಮಾಡಿದರು, ಹೋದರು. ನನ್ನ ಸರದಿ ಬಂತು. ಕೈಯಿಟ್ಟೆ. ಎತ್ತಿನ ಮೈ ಬೆಚ್ಚಗಿತ್ತು. ಅದು ಉಸಿರಾಡಿದಾಗ ನನ್ನ ಕೈ ಮೇಲೆದ್ದು ಇಳಿಯಿತು.

“ನಾನು ತಂದಿಲ್ಲ” ಅಂದೆ.

“ಮುಂದಕ್ಕೆ?” ಅಂದರು ಬೊಮ್ಮಲಿಂಗಪ್ಪನವರು.

ಮಗಳ ಮುಖ ಕಣ್ಣಿಗೆ ಬಂತು. ಹೊನ್ನಕ್ಕನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಕೈ ಹಿಂದಕ್ಕೆ ತೆಗೆದೆ.

“ಯಾಕೆ, ಕಂಡೀಯಾ? ಯಾರು?” ಎಂದು ಹತ್ತು ಬಾಯಿ ಕೇಳಿದವು.

ಎತ್ತಿನಿಂದ ಕೈ ತೆಗೆದಾಗಿತ್ತಲ್ಲ, ಇನ್ನು ಸುಳ್ಳು ಹೇಳಬಹುದಿತ್ತು. “ಯಾರೂ ಇಲ್ಲ. ನಾನೇ ತಂದೆ” ಅಂದೆ.

ಅಷ್ಟೇ ಸಾಕಾಯಿತು. ವರ್ಷಕ್ಕೊಮ್ಮೆ ಬರುವ ದೇವರ ಹಬ್ಬದಲ್ಲಿ ಯಜಮಾನರು ಶುದ್ಧಿ ಮಾಡಿಸುವವರೆಗೆ ನಾನು ಮುಳ್ಳುಬೇಲಿ ದಾಟಬಾರದು, ಹಟ್ಟಿಯ ಬಾವಿ ಮುಟ್ಟಬಾರದು ಎಂದರು. ಬೇಲಿಯ ಆಚೆ, ರಸ್ತೆಯ ಬದಿಯಲ್ಲಿ ಸರ್ಕಾರ ಕೊಟ್ಟ ನಮ್ಮ ಅರ್ಧ ಕಟ್ಟಿದ ಮನೆಯಿತ್ತು, ಅಲ್ಲಿಗೆ ಪಾತ್ರೆ ಪಗಡ ಸಾಗಿಸಿದೆ. ಯಾರೋ ಎದ್ದು, ಹಟ್ಟಿಯ ಒಂದು ಮಗುವಿನ ಪಟ್ಟಿಯಲ್ಲೂ ಬಿಳೇದು ಇರಬಾರದು, ಯಜಮಾನರೇ ಬರೆದು ಕೊಡಲಿ ಎಂದರು. ಬೊಮ್ಮಲಿಂಗಪ್ಪನವರು ಎಲ್ಲರ ಮುಂದೆ ಬರೆದು ಸಹಿ ಹಾಕಿದರು, ಸೌಂದರ್ಯಳ ಮೊಟ್ಟೆಯೂ ಅಲ್ಲಿಗೆ ನಿಂತಿತು. ಶಶಿಕಾಂತ ಮೇಷ್ಟ್ರು ನನ್ನ ಮುಖ ನೋಡಲಾರದೆ, “ಏನ್ ಮಾಡ್ಲವ್ವ, ನೀವೇ ಒಪ್ಪಿಕೊಂಡ್ರಿ. ಮಕ್ಕಳದ್ದು ಅದು” ಎಂದು ಅಡುಗೆಕೋಣೆಯ ಬೀಗದ ಕೈ ಇಸಕೊಂಡರು. ಕೆಳಗಿನ ಊರಿನ ಪಾತಮ್ಮ ಕೆಲಸಕ್ಕೆ ಬಂದಳು. ಅವಳ ಸಾರಿಗೆ ಉಪ್ಪು ಜಾಸ್ತಿಯಂತೆ, ಇರಲಿ.

ನನಗೇನೂ ದೊಡ್ಡ ಮನಸ್ಸಿಲ್ಲ. ರಸ್ತೆಬದಿಯ ಮನೆಯಲ್ಲಿ ಕೂತು ದಿನಾ ಹೊನ್ನಕ್ಕನನ್ನು ಬೈದೆ. ಬದುಕುವ ಆಸೆಯಂತೆ ಬದುಕುವ ಆಸೆ, ನನಗಿಲ್ಲವೇ ಆಸೆ! ಮಗಳು ಫೋನಿನಲ್ಲಿ, “ಅವ್ವಾ, ಪರೀಕ್ಷೆ ಫೀಸು ಯಾವಾಗ ಕಳಿಸ್ತೀಯಾ?” ಎಂದು ಕೇಳಿದ ದಿನವಂತೂ ನಾಲಿಗೆ ಸೋಲುವಷ್ಟು ಬೈದೆ.

ಇಪ್ಪತ್ತು ದಿನ ಕಳೆದಿರಬೇಕು. ಮಧ್ಯಾಹ್ನದ ಬಿಸಿಲಲ್ಲಿ ಬೊಮ್ಮಲಿಂಗಪ್ಪನವರು ಬಂದರು. ಒಳಗೆ ಬರಲಿಲ್ಲ. ರಸ್ತೆಯಲ್ಲೇ ನಿಂತು, ಹೆಗಲ ಟವಲಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆ ಮಾತಾಡಿದರು.

“ನಿಮ್ಮತ್ತೆ ತಿರುಗಾ ಇಳಿದುಹೋಗ್ಯಾಳೆ. ನಿನ್ನೆ ಬಚ್ಚಲಲ್ಲಿ ಬಿದ್ದಳು.”

ನಾನು ಮೊರದಲ್ಲಿದ್ದ ಅಕ್ಕಿಯ ಕಲ್ಲು ಆರಿಸುತ್ತಲೇ ಇದ್ದೆ.

“ಅಂಗಡೀಲಿ ಸಿಗ್ತಾವಂತೆ. ನಿಂಗೆ ಹೆಂಗೂ ಮೈಲಿಗೆ ಆಗೈತೆ. ಇಲ್ಲಿ ಬೇಯಿಸಿದ್ರೆ ಯಾರಿಗೂ ಏನೂ ಅನ್ಸಲ್ಲ. ದಿನಕ್ಕೊಂದು.”

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಆ ಪಟ್ಟಿ, ಅದರ ಕೆಳಗಿನ ಸಹಿ ನೆನಪಾಯಿತು. ಹುಡುಗಿ ಯಾರ ಕಣ್ಣನ್ನೂ ತಪ್ಪಿಸಿರಲಿಲ್ಲ. ಇವರೇ ಓದಿ, ತಿಳಿದು, ಸಹಿ ಹಾಕಿದ್ದರು.

“ಮಾವ, ಆಣೆ ಮಾಡ್ಸುವಾಗ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಮಾಡ್ಸಿದ್ರಾ?”

“ಎಲ್ಲಾರೂ ಒಂದು ಮಾತು ಅಂದು ಹೋಗಿದ್ರೆ ಅಲ್ಲಿಗೆ ಮುಗೀತಿತ್ತಲ್ಲವ್ವ. ಹಾವೂ ಸಾಯ್ತಿರಲಿಲ್ಲ, ಕೋಲೂ ಮುರೀತಿರಲಿಲ್ಲ. ಅವಳು ಮಾಡಿದ್ಲು. ನೀನೂ ಮಾಡ್ತೀಯ ಅಂದ್ಕಂಡಿದ್ದೆ. ಯಾರು ನಿಂಗೆ ಕೈ ತೆಗಿ ಅಂದ್ರು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳುತ್ತಿದ್ದರು.

ಆಗ ನನ್ನ ಬಾಯಿಗೆ ಕಡಿವಾಣ ತಪ್ಪಿತು ನೋಡಿ. ಮುದುಕ ಎನ್ನಲಿಲ್ಲ, ಯಜಮಾನ ಎನ್ನಲಿಲ್ಲ. ನಿಮ್ಮ ದೇವರನ್ನು ನಂಬಿದ ತಪ್ಪಿಗೆ ನನ್ನ ಮಗಳ ಅನ್ನ ಕಿತ್ತುಕೊಂಡಿರಿ, ನಿಮಗೆ ನಾಚಿಕೆಯಾಗಬೇಕು ಎಂದು ರಸ್ತೆಗೆ ಕೇಳುವಂತೆ ಕೂಗಿದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಬಸ್ಸೊಂದು ಧೂಳೆಬ್ಬಿಸಿ ಹೋಯಿತು. ಅವರು ಕದಲಲಿಲ್ಲ.

“ಶುದ್ಧಿ ಯಾವಾಗ ಮಾಡಿಸ್ತೀರಿ?” ಕೊನೆಗೆ ಕೇಳಿದೆ.

“ಹಬ್ಬ ಬರ್ಲಿ.”

“ಈ ಹಬ್ಬಕ್ಕಾ?”

ಅವರು ಟವಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು. “ಅವಳು ಒಂಚೂರು ಸುಧಾರಿಸ್ಲಿ. ನೋಡಾನ” ಅಂದರು.

ಆಗ ನನಗೆ ಎಲ್ಲ ಅರ್ಥವಾಯಿತು. ನಾನು ಶುದ್ಧಳಾದರೆ ಮೊಟ್ಟೆ ಬೇಯಿಸುವವರು ಯಾರು? ಹೊನ್ನಕ್ಕ ಇರುವಷ್ಟು ದಿನ ಯಾವ ಹಬ್ಬವೂ ನನ್ನ ಪಾಲಿಗೆ ಬರುವುದಿಲ್ಲ. ಮೊಟ್ಟೆ ಬೇಯಿಸಲಾರೆ ಎಂದರೆ ಅವಳು ಸಾಯುತ್ತಾಳೆ. ಅದು ಆ ಮುದುಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ಅವನು ಉತ್ತರಕ್ಕೂ ಕಾಯದೆ ಹಟ್ಟಿಯ ಕಡೆ ತಿರುಗಿದ್ದ.

“ಮಾವ” ಎಂದು ಕೂಗಿದೆ. ನಿಂತರು.

“ಸ್ಕೂಲು ಬಿಟ್ಟ ಮೇಲೆ ಸೌಂದರ್ಯನ್ನ ಕಳಿಸ್ರಿ. ಬೆಂದಿರ್ತೈತೆ. ಸಿಪ್ಪೆ ನಾನೇ ಬಿಡಿಸಿ ಕೊಡ್ತೀನಿ” ಅಂದೆ.