ಹಳ್ಳ ಕಂಡ ಕುದುರೆ

ಟಾಕ್ಸಿಸ್ ಎಂಬ ಬೇಲಿಯ ಆಚೆ ದೊಡ್ಡ ಹಳ್ಳವಿದೆಯೆಂದು ಪಾರ್ದುಬಿತ್ಸೆಯ ಕುದುರೆ ಓಟದ ಮೈದಾನದಲ್ಲಿ ಎಲ್ಲರಿಗೂ ಗೊತ್ತು, ಕುದುರೆಗಳನ್ನು ಬಿಟ್ಟು. ದಟ್ಟ ಹಸಿರು ಬೇಲಿ ಅದನ್ನು ಮರೆಮಾಡಿರುತ್ತದೆ. ಅಭ್ಯಾಸಕ್ಕೂ ಅದರ ಮೇಲೆ ಕುದುರೆ ಹಾರಿಸುವಂತಿಲ್ಲ. ವರ್ಷಕ್ಕೊಮ್ಮೆ, ಅಕ್ಟೋಬರಿನ ಆ ದೊಡ್ಡ ಓಟದಲ್ಲಿ ಮಾತ್ರ. ಕುದುರೆಗೆ ಹಳ್ಳ ತೋರಿಸಬಾರದು, ಕಂಡ ಕುದುರೆ ಹಾರುವುದಿಲ್ಲ ಎನ್ನುತ್ತಾರೆ ನಮ್ಮ ಲಾಯದವರು.

ಓಟದ ದಿನ ಬೆಳಗಿನ ಮಂಜಿನಲ್ಲಿ ನಾನು ಕಲೀನಾಳನ್ನು ಕರೆದೊಯ್ದು ಹಳ್ಳ ತೋರಿಸಿಬಿಟ್ಟೆ. ಆ ಕುದುರೆಯ ಆರೈಕೆ ನನ್ನದು. ಸವಾರಿ ನನ್ನ ಮಗಳು ರಾದ್ಕಾಳದು. ಟಾಕ್ಸಿಸ್ ಅವಳಿಗೆ ಅದೇ ಮೊದಲು. ಕುದುರೆ ಬೇಲಿಯ ಮುಂದೆ ನಿಂತುಬಿಟ್ಟರೆ ಮಗಳು ಸೋತಾದರೂ ಜೀವಂತವಾಗಿ ಮನೆಗೆ ಬರುತ್ತಾಳೆ ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಅವಳು ಕುದುರೆ ಏರಿ ಕೂತ ಮೇಲೆ ಹೊಳೆಯಿತು: ಆ ವೇಗದಲ್ಲಿ ಕುದುರೆ ಗಕ್ಕನೆ ನಿಂತರೆ ಮೇಲೆ ಕೂತವಳು ಬೇಲಿ ದಾಟಿ ಹಳ್ಳಕ್ಕೆ ಬೀಳುತ್ತಾಳೆ, ಹಿಂದಿನಿಂದ ಹಾರಿ ಬರುವ ಕುದುರೆಗಳು ಅವಳ ಮೇಲೆ. ಓಡಿಹೋಗಿ ಕುದುರೆಯ ಹಗ್ಗ ಹಿಡಿದುಕೊಂಡೆ.

“ರಾದ್ಕಾ, ಇಳಿಯೇ. ಇವತ್ತು ಬೇಡ. ಕಲೀನಾಗೆ ಹಳ್ಳ ತೋರ್ಸಿಬಿಟ್ಟಿದೀನಿ.”

“ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಇಷ್ಟು ವರ್ಷ ಲದ್ದಿ ಬಾಚಿ ಕಲ್ತಿದ್ದು ಇದೇನಾ?”

“ಹೆದ್ರಿಕೆ ಆಯ್ತು ಕಣೇ.”

“ನಂಗಾಗಲ್ವಾ?” ಕುದುರೆಯ ಕತ್ತು ಸವರುತ್ತ ಕೇಳಿದಳು. “ನೋಡಿ ಏನ್ಮಾಡ್ತು?”

“ಹಳ್ಳದಂಚಲ್ಲಿ ಹುಲ್ಲು ಮೇಯ್ತು.”

ರಾದ್ಕಾಗೆ ನಗು ಬಂತು. “ನಿನಗಿಂತ ಇದೇ ವಾಸಿ. ಬಿಡಮ್ಮಾ ಹಗ್ಗಾನ.”

ಬಿಡಲಾಗಲಿಲ್ಲ. ಅವಳೇ ಬಾಗಿ ನನ್ನ ಬೆರಳುಗಳನ್ನು ಬಿಡಿಸಿದಳು.

ಓಟದಲ್ಲಿ ಟಾಕ್ಸಿಸ್ ನಾಲ್ಕನೆಯ ಬೇಲಿ. ಅದರ ಪಕ್ಕದ ಕಟಕಟೆ ಹಿಡಿದು ನಿಂತೆ. ಗೊರಸಿನ ಸದ್ದು ಕಾಲಡಿಯ ನೆಲದಲ್ಲಿ ಮೊದಲು ಗೊತ್ತಾಯಿತು, ಆಮೇಲೆ ಕುದುರೆಗಳು ಕಂಡವು. ಬೇಲಿ ಹತ್ತಿರವಾಗುತ್ತಲೇ ಕಲೀನಾಳ ತಲೆ ಮೇಲಕ್ಕೆ ಚಿಮ್ಮಿತು. ನಿಲ್ಲುತ್ತಿದೆ, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಕುದುರೆ ಕತ್ತು ಝಾಡಿಸಿ ಮುಂದೆ ಚಾಚಿ ಹಾರಿತು. ಆಚೆ ದಡದಲ್ಲಿ ಮೂಗು ಮಣ್ಣಿಗೆ ತಗುಲುವಷ್ಟು ಮುಗ್ಗರಿಸಿ, ಎದ್ದು ಓಡಿತು. ಪಕ್ಕದ ಎರಡು ಕುದುರೆಗಳು ಉರುಳಿದವು.

ಓಟ ಮುಗಿಸಿ ಕೊನೆಯವಳಾಗಿ ಬಂದ ರಾದ್ಕಾ ನನ್ನ ಮೇಲೆಯೇ ಜಾರಿ ಇಳಿದಳು.

“ಅಮ್ಮಾ, ಇದು ನಿಲ್ಲಕ್ಕೆ ನೋಡ್ಲಿಲ್ಲ. ನಾನೇ ಲಗಾಮು ಎಳ್ದೆ. ನೀನು ಹೇಳಿದ್ದೇ ತಲೇಲಿ ತುಂಬ್ಕೊಂಡಿತ್ತು. ನಿಲ್ಸೇಬಿಡ್ತಿದ್ದೆ. ಇದು ನನ್ನ ಮಾತು ಕೇಳ್ಲಿಲ್ಲ.”

ಬೆವರಿದ ಆ ಕತ್ತನ್ನು ಇಬ್ಬರೂ ತಬ್ಬಿ ನಿಂತೆವು. ಕಲೀನಾ ನನ್ನ ಜೇಬಿನಲ್ಲಿ ಸೇಬು ಹುಡುಕುತ್ತಿತ್ತು.